ಹಳೇ ಗಾಡಿ ಸರಣಿ 9: ಗ್ಲಾಸ್ ಪಟ್ಟಿಗೆ ಗಮ್ ಹಾಕ್ಬೇಡ್ರಪ್ಪಾ

(1/3)
ಹೋದ ಕಂತಿಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ತಾತನ ಪದ್ಮಿನಿ ಇದೆ, ಮುಂದಿನ ಗ್ಲಾಸ್ ಸುತ್ತ ಇರೋ ಹೊಳೆಯೋ ಪಟ್ಟಿ ಎದ್ದು ಬಂದಿದೆ, ಯಾವ ಗಮ್ ಹಾಕ್ಲಿ?" ಯಾವುದೂ ಬೇಡ ಗುರೂ. ಯಾಕೆ ಬೇಡ ಅಂತ ಹೇಳೋಕೆ ಇವತ್ತಿನ ಕ್ಯಾಪ್ಷನ್. ಉದ್ದ ಇದೆ, ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ.

ಆ ಪಟ್ಟಿ ಬರೀ ಶೋಗೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಈಗಿನ ಕಾರುಗಳಲ್ಲಿ ಗ್ಲಾಸನ್ನ ನೇರವಾಗಿ ಬಾಡಿಗೆ ಅಂಟಿಸಿರ್ತಾರೆ. ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಹಾಗಿರಲಿಲ್ಲ. ಗ್ಲಾಸನ್ನ ಹಿಡಿದಿರೋದು ಒಂದು ದಪ್ಪ ರಬ್ಬರ್. ಅದರ ಒಂದು ಸೀಳಿನಲ್ಲಿ ಬಾಡಿಯ ತಗಡಿನ ಅಂಚು ಕೂತಿರುತ್ತೆ, ಇನ್ನೊಂದರಲ್ಲಿ ಗ್ಲಾಸು. ಹೊರಮೈಯಲ್ಲಿ ಮೂರನೇ ಸೀಳು, ಅದೇ ಪಟ್ಟಿಯ ಜಾಗ. ಪಟ್ಟಿ ಸರಿಯಾಗಿ ಒಳಗೆ ಕೂತಿದ್ರೆ ರಬ್ಬರಿನ ತುಟಿ ಬಿಗಿಯಾಗಿರುತ್ತೆ. ಪಟ್ಟಿ ಎದ್ದು ಬಂತು ಅಂದ್ರೆ ಸಾಮಾನ್ಯವಾಗಿ ತಪ್ಪು ಪಟ್ಟಿದಲ್ಲ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತು ರಬ್ಬರ್ ಗಟ್ಟಿಯಾಗಿ, ಕುಗ್ಗಿ, ಹಿಡಿತ ಬಿಟ್ಟಿರುತ್ತೆ. ಜ್ವರ ಬಂದವನಿಗೆ ಪೌಡರ್ ಹಾಕಿದ ಹಾಗೆ ಅದಕ್ಕೆ ಗಮ್ ಹಾಕೋದು.

(2/3)
ಬಸವೇಶ್ವರನಗರದ ನನ್ನ ಕ್ಲಾಸ್‌ಮೇಟ್ ಮನೆ ಗಾಡಿ ಕಥೆ ಕೇಳಿ. ಪಟ್ಟಿ ಎರಡು ಅಡಿ ಎದ್ದಿತ್ತು, ಅಷ್ಟೇ. ಒಂದು ವರ್ಕ್‌ಶಾಪ್‌ನವರು (ಹೆಸರು ಬೇಡ) ಸುತ್ತಲೂ ಸಿಲಿಕೋನ್ ಎಳೆದು ಕೊಟ್ರು. ನೋಡೋಕೆ ನೀಟಾಗಿತ್ತು. ನಮ್ಮೂರಿನ ಸೆಪ್ಟೆಂಬರ್, ಅಕ್ಟೋಬರ್ ಸಂಜೆ ಮಳೆ ಗೊತ್ತಲ್ಲ. ಸಿಲಿಕೋನ್‌ನಲ್ಲಿ ಒಂದು ಕೂದಲೆಳೆ ಗ್ಯಾಪ್ ಇದ್ರೂ ನೀರು ಒಳಗೆ ಹೋಗುತ್ತೆ, ಆದ್ರೆ ಹೊರಗೆ ಬರೋಕೆ ದಾರಿ ಇರಲ್ಲ. ಗ್ಲಾಸಿನ ಕೆಳಗಿನ ಮೂಲೆಗಳಲ್ಲಿ ನಿಂತುಬಿಡುತ್ತೆ. ಕಾರ್ಪೆಟ್ ವಾಸನೆ ಶುರುವಾದ ಮೇಲೇ ಮನೆಯವರಿಗೆ ಗೊತ್ತಾಗಿದ್ದು. ಬಿಚ್ಚಿ ನೋಡಿದ್ರೆ ತಗಡು ಹಪ್ಪಳ ಆಗಿತ್ತು, ಬೆರಳಲ್ಲಿ ಒತ್ತಿದ್ರೆ ಪುಡಿ. ಅವರ ದೊಡ್ಡಪ್ಪ ಈಗ "ಗುಜರಿಗೆ ಹಾಕಿ" ಅಂತ ಕೂತಿದ್ದಾರೆ.

ಇನ್ನೊಂದು ವಿಷಯ. ವಿನೆಗರ್ ಥರ ಹುಳಿ ವಾಸನೆ ಬರೋ ಸಿಲಿಕೋನ್ ಇರುತ್ತಲ್ಲ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ. ಬರೀ ತಗಡಿನ ಮೇಲೆ ಅದು ಬಿದ್ರೆ ತುಕ್ಕನ್ನ ಕರೆದು ಕೂರಿಸಿದ ಹಾಗೆ. ಮುಂದೆ ಪೇಂಟ್ ಮಾಡಿಸ್ತೀನಿ ಅಂದ್ರೂ ಕಷ್ಟ. ಸಿಲಿಕೋನ್ ಅಂಶ ಉಳಿದ ಜಾಗದಲ್ಲಿ ಬಣ್ಣ ಹಿಡಿಯಲ್ಲ, ಮೀನಿನ ಕಣ್ಣಿನ ಥರ ಗುಂಡಗುಂಡಗೆ ಬಿಟ್ಟುಕೊಳ್ಳುತ್ತೆ.

ಹಾಗಾದ್ರೆ ಏನ್ ಮಾಡೋದು? ರಬ್ಬರನ್ನ ಉಗುರಲ್ಲಿ ಒತ್ತಿ ನೋಡಿ. ಮೆತ್ತಗಿದ್ರೆ ಬದುಕಿದೆ. ಸೀಳಿನ ಕೊಳೆಯನ್ನ ಹಳೇ ಟೂತ್‌ಬ್ರಷ್, ಸೋಪ್ ನೀರಲ್ಲಿ ತೆಗೀರಿ. ಪೆಟ್ರೋಲು, ಸೀಮೆಎಣ್ಣೆ, ಗ್ರೀಸ್ ಮುಟ್ಟಿಸ್ಬೇಡಿ, ರಬ್ಬರ್ ಊದಿಕೊಳ್ಳುತ್ತೆ. ಪಟ್ಟಿ ಬಾಗಿದ್ರೆ ಮರದ ತುಂಡಿನ ಮೇಲಿಟ್ಟು ಕೈಯಲ್ಲೇ ನಿಧಾನಕ್ಕೆ ನೇರ ಮಾಡಿ, ಸುತ್ತಿಗೆ ಬೇಡ. ಆಮೇಲೆ ಒಂದು ನೈಲಾನ್ ದಾರವನ್ನ ರಬ್ಬರಿನ ತುಟಿ ಕೆಳಗೆ ಸೀಳಿನುದ್ದಕ್ಕೂ ಇಡಿ. ಸೋಪ್ ನೀರು ಹಚ್ಚಿ, ಪಟ್ಟಿಯನ್ನ ಮೇಲಿಟ್ಟು ಒತ್ತಿ ಹಿಡ್ಕೊಂಡು, ದಾರವನ್ನ ಒಂದು ತುದಿಯಿಂದ ಎಳೀತಾ ಬನ್ನಿ. ತುಟಿ ತಾನಾಗೇ ಪಟ್ಟಿಯ ಅಂಚಿನ ಮೇಲೆ ಹತ್ತಿ ಕೂರುತ್ತೆ. ಮೊದಲ ಸಲ ನೋಡಿದಾಗ ಮ್ಯಾಜಿಕ್ ಅನ್ಸುತ್ತೆ, ಸತ್ಯವಾಗ್ಲೂ. ಸ್ಕ್ರೂಡ್ರೈವರ್ ತುರುಕಬೇಡಿ, ಗ್ಲಾಸ್ ಅಂಚಿಗೆ ತಾಗಿದ್ರೆ ಬಿರುಕು ಗ್ಯಾರಂಟಿ.

ಉಗುರು ಇಳೀತಿಲ್ಲ, ಬಿರುಕು ಬಿಟ್ಟಿದೆ ಅಂದ್ರೆ ರಬ್ಬರೇ ಬದಲಾಗ್ಬೇಕು. ಅದಕ್ಕೆ ಗ್ಲಾಸ್ ಇಳಿಸ್ಬೇಕು, ಮನೇಲಿ ಪ್ರಯೋಗ ಬೇಡ.

(3/3)
"ಹಳೇ ಡಬ್ಬಾಗೆ ಇಷ್ಟೆಲ್ಲಾ ಯಾಕೆ ಮಗಾ?" ಅಂತ ಕಾಮೆಂಟ್ ಬಂದೇ ಬರುತ್ತೆ. ಕುರ್ಲಾದಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಶುರುವಾಗಿ 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೆದ ಗಾಡಿ ಇದು. ಮುಂಬೈನ ಕೊನೇ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಅಂಬಾಸಿಡರ್ 2014ರಲ್ಲೇ ನಿಂತಿತು. ಇನ್ನು ಹೊಸದು ಹುಟ್ಟಲ್ಲ, ಇರೋದು ಇರುವಷ್ಟೇ.

ಕಾನೂನೂ ಈಗ ಸುಲಭ ಇಲ್ಲ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಂದ ಸೀದಾ 5,000ಕ್ಕೆ ಹಾರಿತು. ಅದರ ಜೊತೆಗೆ ಗಾಡಿಯನ್ನ ಆರ್‌ಟಿಓ ಇನ್‌ಸ್ಪೆಕ್ಷನ್‌ಗೆ ನಿಲ್ಲಿಸ್ಬೇಕು. 50 ವರ್ಷ ದಾಟಿದ್ರೆ ವಿಂಟೇಜ್ ಅಂತ 'ವಿಎ' ನಂಬರ್ ಸಿಗೋ ನಿಯಮ 2021ರಲ್ಲಿ ಬಂತು. ಆದ್ರೆ ಅದಕ್ಕೆ ಛಾಸಿ, ಬಾಡಿ, ಎಂಜಿನ್ ಮೂಲದಲ್ಲಿದ್ದ ಹಾಗೇ ಇರ್ಬೇಕು. ಒಂದು ಟ್ಯೂಬ್ ಸಿಲಿಕೋನ್ ತಿಂದುಹಾಕೋದು ಆ ಬಾಡಿಯನ್ನೇ.

ರೀಲ್ಸ್ ಮಾಡೋರ ಮೇಲೂ ನನಗೆ ಸ್ವಲ್ಪ ಕೋಪ ಇದೆ. ವಾಶ್, ಪಾಲಿಶ್, ಬ್ಯಾಗ್ರೌಂಡ್‌ಗೆ ಹಳೇ ಹಾಡು, ಮುಗೀತು "ರೆಸ್ಟೋರೇಷನ್". ಪಟ್ಟಿ ಕೆಳಗೆ ಏನಿದೆ ಅಂತ ಒಬ್ಬರೂ ತೋರಿಸಲ್ಲ. ಆ ಕಡೆ ಕಾಮಾಕ್ಷಿಪಾಳ್ಯ, ಮಾಗಡಿ ರೋಡ್ ಒಳಗಿನ ಶೆಡ್‌ಗಳಲ್ಲಿ ದಾರ ಹಾಕಿ ಗ್ಲಾಸ್ ಕೂರಿಸೋ ಹಿರಿಯ ಕೈಗಳು ಇನ್ನೂ ಇವೆ. ಅವರು ಅರ್ಧ ದಿನ ಬೇಕು ಅಂದ್ರೆ ನಾವು "ಅಣ್ಣ, ಗಮ್ ಹಾಕಿ ಬೇಗ ಕೊಡಿ" ಅಂತೀವಿ. ಗಮ್ ಕೇಳ್ತಿರೋದು ನಾವೇ, ಅವರಲ್ಲ. ಅರ್ಧ ದಿನ ಕೊಡಿ, ಕೇಳಿದ ಕೂಲಿ ಕೊಡಿ, ಪಕ್ಕದಲ್ಲಿ ನಿಂತು ಕಲೀರಿ.

ರಬ್ಬರ್ ತರೋಕೆ ಹೋಗೋರು ಬರೀ "ಪದ್ಮಿನಿದು ಕೊಡಿ" ಅನ್ಬೇಡಿ. ಹಳೇದರ ಒಂದು ಇಂಚು ಕತ್ತರಿಸಿಕೊಂಡು ಹೋಗಿ, ಸೀಳಿಗೆ ಸೀಳು ಹೋಲಿಸಿ ತಗೊಳ್ಳಿ. ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ ಮಾರ್ಕೆಟ್‌ನಲ್ಲಿ ಇಳಿದ್ರೆ ಜೆ.ಸಿ. ರೋಡ್ ಹತ್ತಿರ. ಹಾಕಿದ ಮೇಲೆ ಪೈಪ್ ಹಿಡಿದು ನೀರು ಬಿಡಿ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಎಲ್ಲಿಂದ ಸೋರ್ತಿದೆ ಅಂತ ಆಗ ಕರೆಕ್ಟಾಗಿ ಗೊತ್ತಾಗುತ್ತೆ.

ಕಂತು 10: ಬಾಗಿಲ ರಬ್ಬರ್. ಕೆಂಗೇರಿ ಕಡೆಯವರು ಯಾರಾದ್ರೂ ಅಂಬಾಸಿಡರ್ ಇಟ್ಕೊಂಡಿದ್ರೆ ಮೆಸೇಜ್ ಹಾಕಿ, ಫೋಟೋ ಬೇಕು.

#ಹಳೇಗಾಡಿಸರಣಿ #ಪದ್ಮಿನಿ #ಗಮ್‌ಬೇಡ