ಮೂರು ತಿಂಗಳ ಕೋರ್ಸ್ ಸಾಲದು

ಕಂಪ್ಯೂಟರ್ ಸೈನ್ಸ್ ಪದವಿಯಲ್ಲಿ ದತ್ತಾಂಶ ವಿಶ್ಲೇಷಣೆ ಬೇಡ, ಹೊರಗಿನ ಮೂರು ತಿಂಗಳ ಕೋರ್ಸ್ ಸಾಕು ಎಂಬ ಲೇಖಕರೊಬ್ಬರ ವಾದವನ್ನು ಒಪ್ಪಲಾರೆ. ಆ ಕೋರ್ಸು ಸಾಫ್ಟ್‌ವೇರ್ ಬಳಸಲು ಕಲಿಸೀತು. ಎದುರಿಗಿರುವ ಅಂಕಿಯನ್ನು ನಂಬಬಹುದೇ ಎಂದು ಪರೀಕ್ಷಿಸಲು ಸಂಖ್ಯಾಶಾಸ್ತ್ರ ಬೇಕು, ಡೇಟಾಬೇಸ್ ಬೇಕು, ವರ್ಷಗಳ ಅಭ್ಯಾಸ ಬೇಕು. ಹಿರೇಕೊಟ್ನೆಕಲ್‌ನ ನಮಗೆ ನಮ್ಮ ಮಾನ್ವಿ ತಾಲ್ಲೂಕೇ ಸಾಕ್ಷಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗಕ್ಕೆ ನೀರು ತಲುಪುವುದಿಲ್ಲವೆಂಬುದು ಇಲ್ಲಿನ ಹಳೆಯ ಗೋಳು. ಕಾಲುವೆಯ ಮೇಲ್ಭಾಗದ ಗೇಜಿನಲ್ಲಿ ನೀರಿನ ಸರಾಸರಿ ಚೆನ್ನಾಗಿದ್ದರೂ ಕೊನೆಯ ಹೊಲ ಒಣಗಿರಬಹುದು. ಅಳತೆ ಬಿಟ್ಟುಹೋದ ದಿನವನ್ನು ಸೊನ್ನೆಯೆಂದು ಬರೆದರಂತೂ ಇಡೀ ಲೆಕ್ಕವೇ ಕೆಡುತ್ತದೆ. ಇಂಥ ತಪ್ಪು ಹಿಡಿಯುವವರು ನಮ್ಮ ಮಕ್ಕಳೇ ಆಗಬೇಕು. ಇದನ್ನು ಕಲಿಯಲು ರಾಯಚೂರಿನ ಐಐಐಟಿ 2019ರಲ್ಲೇ ಶುರುವಾಗಿದೆ. ಆದರೆ ಅಲ್ಲಿ ಸೀಟು ಸಿಗುವುದು ಕೆಲವರಿಗೆ. ದತ್ತಾಂಶ ವಿಶ್ಲೇಷಣೆಯನ್ನು ಪಠ್ಯದಿಂದ ತೆಗೆಯಬೇಡಿ, ತಾಲ್ಲೂಕಿನ ಡಿಗ್ರಿ ಕಾಲೇಜುಗಳಿಗೂ ತನ್ನಿ.