ಯಾರೋ ಕಟ್ಟಿದ ಬಿಲ್ಡು

ಹೋದ ವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಬಾಲ್ಡರ್ಸ್ ಗೇಟ್ 3ರ ಮಾತು ಬಂತು. ಟೀಮಿಗೆ ಹೊಸದಾಗಿ ಸೇರಿದ ಹುಡುಗ ಹಿಂದಿನ ರಾತ್ರಿಯಷ್ಟೇ ಆ ಗೇಮ್ ಕೊಂಡಿದ್ದ. ಡೌನ್‌ಲೋಡ್ ಇನ್ನೂ ಮುಗಿದಿರಲಿಲ್ಲ. ಕಥೆ ಏನು, ಯಾರ ಜೊತೆ ಹೊಡೆದಾಟ, ಯಾಕೆ ಹೊಡೆದಾಟ, ಒಂದೂ ಗೊತ್ತಿಲ್ಲ. ಅವನ ಮೊದಲ ಪ್ರಶ್ನೆ: "ಬೆಸ್ಟ್ ಬಿಲ್ಡ್ ಯಾವುದು?"

ಟೇಬಲ್ಲಿನಲ್ಲಿದ್ದ ನಾಲ್ಕೂ ಜನ ಅನ್ನ ಕಲೆಸೋದು ಬಿಟ್ಟು ಲಿಂಕ್ ಕಳಿಸಿದರು. ಅದರಲ್ಲೊಂದು ನಂದು. ಹಾಗಾಗಿ ಇಲ್ಲಿ ಬೈಸಿಕೊಳ್ಳೋರ ಸಾಲಿನಲ್ಲಿ ನಾನೂ ಇದೀನಿ ಅಂತ ಮೊದಲೇ ಹೇಳಿಬಿಡ್ತೀನಿ.

ಗೇಮ್ ಆಡದವರಿಗೆ ಒಂದು ಮಾತು. ಇಂಥ ಆಟಗಳಲ್ಲಿ ಶುರುವಿಗೇ ನಿಮ್ಮ ಪಾತ್ರವನ್ನು ನೀವೇ ಕಟ್ಟಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣ. ಹಂಚೋಕೆ 27 ಪಾಯಿಂಟು. ಆಮೇಲೆ 12 ಬಗೆಯ ವೃತ್ತಿ, 12 ಮಟ್ಟ, ನೂರಾರು ಮಂತ್ರ. ಇದನ್ನೆಲ್ಲ ಹೇಗೆ ಜೋಡಿಸ್ತೀರಿ ಅನ್ನೋದೇ ಬಿಲ್ಡು. ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಇಳಿಸಲೇಬೇಕು. ಹಾಗೆ ಬೇಡ ಅಂತ ತಳಕ್ಕೆ ತಳ್ಳಿದ ಗುಣಕ್ಕೆ ಡಂಪ್ ಸ್ಟ್ಯಾಟ್ ಅಂತಾರೆ.

ಲೆಕ್ಕ ಹಾಕೋದೇ ತಪ್ಪು, ಕಥೆಯಲ್ಲಿ ಕರಗಿಹೋಗಬೇಕು ಅನ್ನೋ ಸಾಧುಗಳ ಗುಂಪೊಂದಿದೆ. ನಾನು ಆ ಕಡೆಯವನಲ್ಲ. ನನಗೆ ಲೆಕ್ಕ ಅಂದರೆ ಪ್ರಾಣ. ಒಂದು ಉದಾಹರಣೆ ಕೇಳಿ. ಲೈಟ್ನಿಂಗ್ ಬೋಲ್ಟ್ ಅಂತ ಸಿಡಿಲಿನ ಮಂತ್ರವಿದೆ. ಆರು ಮುಖದ ಎಂಟು ದಾಳ ಉರುಳಿಸಬೇಕು, ಸರಾಸರಿ 28 ಪೆಟ್ಟು. ಟೆಂಪೆಸ್ಟ್ ಪಂಥದ ಪೂಜಾರಿಯಾಗಿ ಎರಡು ಮಟ್ಟ ಏರಿದರೆ, ಸಿಡಿಲಿನ ದಾಳಗಳನ್ನು ಉರುಳಿಸದೆ ಎಲ್ಲದರಲ್ಲೂ ಆರೇ ಬಿತ್ತು ಅಂತ ಎಣಿಸುವ ಶಕ್ತಿ ಬರುತ್ತೆ. ಅಲ್ಲಿಗೆ 48. ಅದಕ್ಕೂ ಮುಂಚೆ ಜೊತೆಗಾರನೊಬ್ಬ ನೀರಿನ ಮಂತ್ರ ಹಾಕಿ ಶತ್ರುವನ್ನು ತೋಯಿಸಿದ್ದರೆ, ಒದ್ದೆ ಮೈಗೆ ಸಿಡಿಲು ಇಮ್ಮಡಿ. 96! ಎರಡು ಮಟ್ಟ ಪೂಜಾರಿ, ಉಳಿದ ಹತ್ತು ಮಟ್ಟ ಮಾಂತ್ರಿಕ. ಬೇರೆ ಬೇರೆ ಪುಟದಲ್ಲಿದ್ದ ಮೂರು ನಿಯಮ ಒಂದಕ್ಕೊಂದು ಕೈ ಹಿಡಿಯೋದನ್ನ ಮೊದಲ ಸಲ ಕಂಡವನಿಗೆ ಎಂಥ ಖುಷಿಯಾಗಿರಬೇಕು! ರಾತ್ರಿ ಎರಡಕ್ಕೆ ಬಗ್ ಸಿಕ್ಕಾಗ ಕುರ್ಚಿಯಿಂದ ಎದ್ದು ನಿಲ್ತೀವಲ್ಲ, ಆ ಖುಷಿ.

ನನ್ನ ತಕರಾರು ಇಷ್ಟೇ. ಆ ಖುಷಿ ಕಂಡುಹಿಡಿದವನದು. ನಿಮಗೆ ಸಿಕ್ಕಿದ್ದು 96 ಅನ್ನೋ ಅಂಕಿ.

"ಟೈಮ್ ಇಲ್ಲ ಬಾಸ್, ಅದಕ್ಕೇ ಗೈಡ್ ನೋಡೋದು" ಅಂತೀರಿ. ನೂರು ಗಂಟೆ ತಿನ್ನೋ ಆಟಕ್ಕೆ ಕೂತು ಟೈಮ್ ಇಲ್ಲ ಅನ್ನೋದು ಯಾವ ನ್ಯಾಯ ಸ್ವಾಮಿ? ಉಳಿಸಿದ ಸಮಯದಲ್ಲಿ ಏನು ಮಾಡ್ತೀರಿ ಅಂದರೆ, ಅದೇ ಆಟ. ಪಾಯಿಂಟು ಎಲ್ಲಿ ಹಾಕಬೇಕು, ಯಾವ ಗುಹೆಯಲ್ಲಿ ಯಾವ ಉಂಗುರ ಇದೆ, ಎಲ್ಲವನ್ನೂ ಬೇರೆಯವನು ಬರೆದುಕೊಟ್ಟಿದ್ದಾನೆ. ನೀವು ಟಿಕೆಟ್ ಮುಚ್ತಾ ಇದೀರಿ. ಹಗಲಿಡೀ ಜಿರಾದಲ್ಲಿ ಮಾಡಿದ್ದನ್ನೇ ರಾತ್ರಿ ದುಡ್ಡು ಕೊಟ್ಟು ಮಾಡೋದು.

ನನ್ನ ಮೊದಲ ಬಿಲ್ಡಿನ ಕಥೆ ಹೇಳ್ತೀನಿ. 2008, ಹುಬ್ಬಳ್ಳಿಯ ಹಾಸ್ಟೆಲ್ಲು, ರೂಮಿಗೆ ಒಂದೇ ಕಂಪ್ಯೂಟರು. ಡಯಾಬ್ಲೊ 2 ಆಡ್ತಿದ್ದೆವು. ನನ್ನ ಮಾಂತ್ರಿಕಳಿಗೆ ಬೆಂಕಿ ಬಿಟ್ಟು ಬೇರೇನೂ ಕಲಿಸಲಿಲ್ಲ. ಬಂದ ಪಾಯಿಂಟೆಲ್ಲ ಬೆಂಕಿಯುಂಡೆಗೆ, ಉಲ್ಕೆಗೆ. ನಾರ್ಮಲ್ ಮಟ್ಟದಲ್ಲಿ ನಾನೇ ರಾಜ. ಕೊನೆಯ ಮಟ್ಟ ಹೆಲ್‌ಗೆ ಹೋದರೆ ಅಲ್ಲಿ ಬೆಂಕಿ ತಾಗದ ರಾಕ್ಷಸರ ಹಿಂಡು! ಎಷ್ಟು ಸುಟ್ಟರೂ ನಗ್ತಾ ಬರ್ತಾರೆ. ಒಮ್ಮೆ ಹಾಕಿದ ಪಾಯಿಂಟು ವಾಪಸ್ ತಗೊಳ್ಳೋ ಅನುಕೂಲ ಆ ಆಟಕ್ಕೆ ಬಂದಿದ್ದೇ 2010ರಲ್ಲಿ. ಎರಡು ತಿಂಗಳ ಶ್ರಮ ನೀರಲ್ಲಿ ಹೋಮ. ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದಾಗ ಆಗದ ದುಃಖ ಅವತ್ತು ಆಯ್ತು. ಮರುದಿನ ಹೊಸ ಮಾಂತ್ರಿಕಳನ್ನು ಒಂದನೇ ಮಟ್ಟದಿಂದ ಶುರು ಮಾಡಿದೆ. ಈ ಸಲ ಬೆಂಕಿ ಜೊತೆ ಹಿಮ. ಯಾರೂ ಹೇಳಿಕೊಟ್ಟಿರಲಿಲ್ಲ. ಗೈಡ್ ನೋಡಿ ಆಡಿದ ಹತ್ತು ಆಟದ ಪಾತ್ರಗಳ ಹೆಸರು ಇವತ್ತು ನೆನಪಿಲ್ಲ. ಆ ಸೋತ ಮಾಂತ್ರಿಕಳು ಯಾವ ಬಾಗಿಲ ಮುಂದೆ ಸಿಕ್ಕಿಹಾಕಿಕೊಂಡಿದ್ದಳು ಅನ್ನೋದೂ ನೆನಪಿದೆ.

ನಾನು ಹಾನಗಲ್ ತಾಲ್ಲೂಕಿನವನು. ಬಿಲ್ಡ್ ಅನ್ನೋ ಶಬ್ದ ಕಲಿಯೋ ಎಷ್ಟೋ ವರ್ಷ ಮೊದಲೇ ಬಿಲ್ಡ್ ಕಟ್ಟೋದನ್ನ ನೋಡಿದವನು, ಹೋರಿ ಹಬ್ಬದಲ್ಲಿ. ಹಾವೇರಿ ಕಡೆಯವರಿಗೆ ಬಿಡಿಸಿ ಹೇಳೋದು ಬೇಡ. ಉಳಿದವರಿಗೆ: ದೀಪಾವಳಿಗೆ ಹೋರಿಗಳನ್ನು ಸಿಂಗರಿಸಿ, ಕೊಬ್ಬರಿ ಸರ ಕಟ್ಟಿ, ಜನರ ನಡುವೆ ಓಡಿಸ್ತಾರೆ. ಮೈಮೇಲಿನ ಕೊಬ್ಬರಿ ಹರಿಯೋಕೆ ಹುಡುಗರು ಬೀಳ್ತಾರೆ. ಕೊಬ್ಬರಿ ಉಳಿಸಿಕೊಂಡು ಪಾರಾದ ಹೋರಿ ಗೆದ್ದಂತೆ. ಸಿನಿಮಾ ಹೀರೋಗಳ ಹಾಗೆ ಹೋರಿಗೂ ಹೆಸರು, ಅಭಿಮಾನಿಗಳು, ಬ್ಯಾನರು. (ಜನ ಗಾಯಗೊಳ್ತಾರೆ, ಸಾಯೋದೂ ಉಂಟು. ಆ ಜಗಳ ನಮ್ಮ ಮನೆಯಲ್ಲೇ ಇನ್ನೂ ಮುಗಿದಿಲ್ಲ, ಇಲ್ಲಿ ಎಳೆಯೋದಿಲ್ಲ.)

ಹಿರೇಕೆರೂರು ಕಡೆಯ ನಮ್ಮ ಸೋದರಮಾವ ಹೋರಿ ತಯಾರು ಮಾಡೋದನ್ನ ನೀವು ನೋಡಬೇಕಿತ್ತು. ಹುರುಳಿ ಎಷ್ಟು, ಹತ್ತಿಕಾಳು ಎಷ್ಟು, ಕೆರೆಯಲ್ಲಿ ಎಷ್ಟು ಹೊತ್ತು ಈಜಿಸಬೇಕು, ಎಲ್ಲ ಲೆಕ್ಕ. ಸರ ಹೆಚ್ಚು ಕಟ್ಟಿದರೆ ನೋಡೋಕೆ ಚೆಂದ, ಆದರೆ ಭಾರ, ಕೈಗೆ ಸಿಗೋದೂ ಸುಲಭ. ಕಡಿಮೆ ಕಟ್ಟಿದರೆ ಓಟ ಚೆಂದ, ಆದರೆ ಜನ ಆಡಿಕೊಳ್ತಾರೆ. ಅವನ ಹೋರಿ ಹಲಗಿ ಸದ್ದಿಗೆ ಬಲಕ್ಕೆ ಸರಿಯುತ್ತಿತ್ತು. ಅದನ್ನು ಗಮನಿಸಿದವನು ಅವನೇ. ಒಂದು ತಿಂಗಳು ದಿನಾ ಸಂಜೆ ಕೊಟ್ಟಿಗೆ ಮುಂದೆ ಹಲಗಿ ಬಡಿಸಿದ. ಅತ್ತಿ ತಲೆ ಹಿಡಿದುಕೊಂಡು ಕೂತಿದ್ದಳು.

ಅವನ ಪಕ್ಕದ ಮನೆಯವನು ಇದೆಲ್ಲ ರಗಳೆ ಯಾರಿಗೆ ಬೇಕು ಅಂತ ಸವಣೂರಿನ ಕಡೆಯಿಂದ ಗೆದ್ದ ಹೋರಿಯನ್ನೇ ಲಕ್ಷಗಟ್ಟಲೆ ಕೊಟ್ಟು ತಂದ. ಏನು ತಿನ್ನಿಸಬೇಕು, ಯಾವಾಗ ಬಿಡಬೇಕು ಅಂತ ಹಳೇ ಯಜಮಾನನಿಂದ ಚೀಟಿಯಲ್ಲಿ ಬರೆಸಿಕೊಂಡಿದ್ದ. ಹಬ್ಬದ ದಿನ ಅದು ಅಖಾಡದಲ್ಲಿ ನಿಂತೇ ಬಿಡ್ತು. ಕೂಗಿದ, ಬೆನ್ನು ತಟ್ಟಿದ, ಊಹೂಂ. ಅದಕ್ಕೆ ಇವನ ದನಿಯೇ ಗೊತ್ತಿಲ್ಲ. ಮಾವ ಹೇಳಿದ್ದು ಒಂದೇ ಮಾತು: "ಹೋರಿ ತಂದಾನ, ಹೋರಿಮ್ಯಾಗಿನ ತಿಳವಳಿಕಿ ಅಲ್ಲೇ ಬಿಟ್ಟು ಬಂದಾನ." ನ್ಯಾಯವಾಗಿ ಇನ್ನೊಂದೂ ಹೇಳಬೇಕು, ಮುಂದಿನ ವರ್ಷ ಅದೇ ಹೋರಿ ಚೆನ್ನಾಗಿ ಓಡಿತು. ಅಷ್ಟರಲ್ಲಿ ಅವನೂ ಒಂದು ವರ್ಷ ಅದರ ಜೊತೆ ಬಾಳಿದ್ದ. ಚೀಟಿ ಎಲ್ಲಿ ಹೋಗಿತ್ತೋ.

ಗೇಮಿನಲ್ಲೂ ಚೀಟಿ ಕೈಕೊಡುತ್ತೆ. 2023ರ ಆಗಸ್ಟಿನಲ್ಲಿ ಬಾಲ್ಡರ್ಸ್ ಗೇಟ್ 3 ಬಂತು. ನವೆಂಬರ್ ಕೊನೆಗೆ ಆನರ್ ಮೋಡ್ ಸೇರಿಸಿದರು. ಅದರಲ್ಲಿ ಒಂದೇ ಸೇವ್, ಪಾರ್ಟಿ ಸತ್ತರೆ ಮುಗೀತು. ಹೇಸ್ಟ್ ಮಂತ್ರದಿಂದ ಒಂದೇ ಸರದಿಯಲ್ಲಿ ಹೊಡೆತಗಳ ಸುರಿಮಳೆ ಸುರಿಸುತ್ತಿದ್ದ ಬಿಲ್ಡುಗಳ ಹಲ್ಲು ಅಲ್ಲಿ ಕಿತ್ತಿದ್ದರು. ಹೆಚ್ಚುವರಿ ಸರದಿಗೆ ಒಂದೇ ಏಟು. ಯಾಕೆ ಹಾಗೆ ಕಟ್ಟಿದ್ದೀವಿ ಅಂತ ಗೊತ್ತಿದ್ದವರು ಒಂದು ಸಂಜೆಯಲ್ಲಿ ಬಿಚ್ಚಿ ಮರುಜೋಡಿಸಿಕೊಂಡರು. ಉಳಿದವರು ಹೊಸ ವಿಡಿಯೋಗೆ ಕಾದರು. ನಮ್ಮೂರ ಕಡೆ ಎಲ್ಲರೂ ಎಲ್ಲರನ್ನೂ ನೋಡಿ ಗೋವಿನಜೋಳ ಹಾಕಿ, 2018ರಲ್ಲಿ ಲದ್ದಿಹುಳು ಬಂದಾಗ ಕೈ ಹಿಸುಕಿಕೊಂಡು ಕೂತಿದ್ದು ನೆನಪಾಯ್ತು. ನಮ್ಮಪ್ಪನೂ ಅವರಲ್ಲೊಬ್ಬ.

ಈಗ ನನ್ನ ತಪ್ಪಿಗೆ ಬರ್ತೀನಿ.

ಶಿಗ್ಗಾಂವಿಯಲ್ಲಿ ಅಕ್ಕನ ಮಗ ಇದಾನೆ, ಪಿಯುಸಿ ಎರಡನೇ ವರ್ಷ. ಹೋದ ಯುಗಾದಿಗೆ ನನ್ನ ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಅವನಿಗೆ ಕೊಟ್ಟೆ. ಓದೋಕೆ ಅಂತ ಅಕ್ಕನಿಗೆ ಹೇಳಿದ್ದು. ಬೇಸಿಗೆ ರಜೆಯಲ್ಲಿ ಹೋದಾಗ ಅವನ ಪಾತ್ರ ನೋಡಿದೆ. ಹಾಫ್ ಆರ್ಕ್ ಕುಲದ ಮಾಂತ್ರಿಕ. ಬಲ 17, ಬುದ್ಧಿ 10! ಮಾಂತ್ರಿಕನ ಮಂತ್ರವೆಲ್ಲ ನಿಂತಿರೋದೇ ಬುದ್ಧಿಯ ಮೇಲೆ. ಬಿದ್ದು ಬಿದ್ದು ನಕ್ಕೆ.

"ಏನೋ ಇದು, ಪೈಲ್ವಾನಗ ಪುಸ್ತಕ ಕೊಟ್ಟಂಗ?"

"ಇಂವ ಎಲ್ಲಾರನ್ನೂ ಕೆಳಗ ನೂಕತಾನ್ರಿ ಮಾಮಾ," ಅಂದ.

ನಾನು ಕೇಳಿಸಿಕೊಳ್ಳಲಿಲ್ಲ. ಆ ಆಟದಲ್ಲಿ ವಿದರ್ಸ್ ಅಂತ ಒಬ್ಬ ಅಸ್ಥಿಪಂಜರದ ಮುದುಕ ಇದಾನೆ. ಅವನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಇಡೀ ಪಾತ್ರವನ್ನು ಮರುಕಟ್ಟಬಹುದು. (ಆ ನೂರನ್ನು ಅವನ ಜೇಬಿನಿಂದಲೇ ಕದ್ದು ವಾಪಸ್ ತಗೋಬಹುದು, ಅದು ಬೇರೆ ಮಾತು.) ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡೆ. ಹತ್ತು ನಿಮಿಷದಲ್ಲಿ ಬುದ್ಧಿ ಏರಿಸಿ, ಬಲ 8ಕ್ಕೆ ಇಳಿಸಿ, ಮಂತ್ರಗಳ ಪಟ್ಟಿ ಬದಲಿಸಿ, "ಈಗ ಆಡು ನೋಡು" ಅಂದೆ. ಒಂದೇ ಸಿಡಿಲಿಗೆ ಮೂವರು ಸತ್ತರು. ಅವನು "ಭಾರಿ ಐತ್ರಿ" ಅಂದ. ನನಗೆ ದೊಡ್ಡ ಉಪಕಾರ ಮಾಡಿದ ಸಮಾಧಾನ.

ಹದಿನೈದು ದಿನ ಬಿಟ್ಟು ಫೋನಿನಲ್ಲಿ ಕೇಳಿದೆ, ಎಲ್ಲಿವರೆಗೂ ಬಂತು ಅಂತ.

"ಬಿಟ್ಟೇನ್ರಿ."

"ಯಾಕೋ?"

"ಅದು ನಿಮ್ದಾತಲ್ರಿ ಮಾಮಾ."

ಕೋಪ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಅವನ ಹಳೇ ಸೇವ್ ಫೈಲ್ ತರಿಸಿಕೊಂಡು ತೆಗೆದೆ. ಈ ಸಲ ನಗಲಿಲ್ಲ. ಬುದ್ಧಿ ಕಡಿಮೆಯಾದರೆ ಶತ್ರುಗಳು ನಿಮ್ಮ ಮಂತ್ರದಿಂದ ಸುಲಭವಾಗಿ ತಪ್ಪಿಸಿಕೊಳ್ತಾರೆ. ಹುಡುಗ ಅಂಥ ಮಂತ್ರ ಒಂದನ್ನೂ ಇಟ್ಟುಕೊಂಡಿರಲಿಲ್ಲ! ಇದ್ದದ್ದು ಮ್ಯಾಜಿಕ್ ಮಿಸೈಲ್, ಅದು ಗುರಿ ತಪ್ಪೋದೇ ಇಲ್ಲ, ಬುದ್ಧಿ ಎಷ್ಟಿದ್ದರೂ. ಇನ್ನೊಂದು ಎನ್ಲಾರ್ಜ್, ತನ್ನನ್ನೇ ದೊಡ್ಡದು ಮಾಡಿಕೊಳ್ಳೋ ಮಂತ್ರ. ಅದನ್ನು ಹಾಕಿಕೊಂಡರೆ ಬಲದ ಪರೀಕ್ಷೆಗೆಲ್ಲ ಎರಡು ಸಲ ದಾಳ ಉರುಳಿಸಿ ಹೆಚ್ಚು ಬಿದ್ದದ್ದನ್ನು ಇಟ್ಟುಕೊಳ್ಳಬಹುದು, ನೂಕೋದಕ್ಕೂ ಸೇರಿ. ದೈತ್ಯನಾಗಿ ಬೆಳೆದ ಮಾಂತ್ರಿಕ ಬಂಡೆಯ ಅಂಚಿಗೆ ಹೋಗಿ ಒಬ್ಬೊಬ್ಬರನ್ನೇ ಕೆಳಗೆ ತಳ್ಳುತ್ತಿದ್ದ. ಎಷ್ಟು ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟು ಅಂತ ನನ್ನ ಯಾವ ಎಕ್ಸೆಲ್ ಶೀಟಿನಲ್ಲೂ ಕಾಲಂ ಇರಲಿಲ್ಲ. ನಾನು ತಪ್ಪು ಅಂದುಕೊಂಡಿದ್ದು ಲೆಕ್ಕವೇ ಆಗಿತ್ತು, ನನ್ನದಕ್ಕಿಂತ ಒಳ್ಳೇ ಲೆಕ್ಕ. ಒಂದು ಸರದಿಗೆ ಎಷ್ಟು ಪೆಟ್ಟು ಅನ್ನೋದೊಂದೇ ಅಂಕಿ ನೋಡಿ ಪಾತ್ರಕ್ಕೆ ಬೆಲೆ ಕಟ್ಟಿದ್ದೆ. ವರ್ಷಕ್ಕೊಮ್ಮೆ ಆಫೀಸಿನಲ್ಲಿ ನನಗೂ ಹಾಗೇ ಕಟ್ತಾರೆ, ಆಗ ಮಾತ್ರ ಮನೆಗೆ ಬಂದು ಹೆಂಡತಿ ಮುಂದೆ ಒಂದು ಗಂಟೆ ಒದರ್ತೀನಿ.

ಗೈಡ್ ಬರೆಯೋರ ಮೇಲೆ ನನಗೆ ಸಿಟ್ಟಿಲ್ಲ, ಅವರು ಆಡಿದ್ದಾರೆ, ಸೋತಿದ್ದಾರೆ, ಬರೆದಿದ್ದಾರೆ. ಒಂದು ಸಲ ನೀವೇ ಮುಗಿಸಿ, ಆಮೇಲೆ ಅವರು ಬರೆದದ್ದನ್ನ ಓದಿ ಜಗಳ ಆಡಿ, ಅದರ ಮಜಾನೇ ಬೇರೆ. ಸಿಟ್ಟಿರೋದು ಆಟ ತೆರೆಯೋ ಮುಂಚೆ ಲಿಂಕ್ ಕೇಳೋರ ಮೇಲೆ, ಅದಕ್ಕಿಂತ ಹೆಚ್ಚಾಗಿ ಕೇಳದಿದ್ದರೂ ಕೈ ಹಾಕೋ ನನ್ನಂಥೋರ ಮೇಲೆ. ಆಫೀಸಿನ ಹುಡುಗನಿಗೆ ಮರುದಿನ ಮೆಸೇಜ್ ಹಾಕಿದೆ, ನಾನು ಕಳಿಸಿದ ಲಿಂಕ್ ತೆಗೀಬೇಡಪ್ಪ ಅಂತ. ಆಗಲೇ ನೋಡಿ ಮುಗಿಸಿದೆ, ಥ್ಯಾಂಕ್ಸ್ ಬ್ರೋ ಅಂದ.

ದೀಪಾವಳಿಗೆ ಊರಿಗೆ ಹೋದಾಗ ಅಳಿಯ ಬಂದಿದ್ದ. ಮತ್ತೆ ಶುರು ಮಾಡಿದ್ದಾನೆ, ಅದೇ ಹಾಫ್ ಆರ್ಕ್, ಬಲ ಮತ್ತೆ 17. ಈ ಸಲ ಬುದ್ಧಿಯನ್ನು 8ಕ್ಕೆ ಇಳಿಸಿ, ಉಳಿದ ಪಾಯಿಂಟನ್ನು ವರ್ಚಸ್ಸಿಗೆ ಹಾಕಿದ್ದಾನೆ. ಮಾಂತ್ರಿಕನಿಗೆ ವರ್ಚಸ್ಸು! ಯಾಕೆ ಅಂತ ಕೇಳೋಕೆ ಬಾಯಿ ತೆರೆದವನು ಚುರುಮುರಿ ತುಂಬಿಕೊಂಡೆ. ಅವನು ಸ್ಕ್ರೀನು ನನ್ನ ಕಡೆ ತಿರುಗಿಸಿದ.

"ಇಂವ ಮೊದ್ಲ ಮಾತಾಡ್ತಾನ್ರಿ," ಅಂದ. "ಒಪ್ಪಲಿಲ್ಲಂದ್ರ ನೂಕತಾನ."