ಬೆಂಕಿ ಇಟ್ಟವನೂ ಕೂಗಿದವನೂ ಒಂದೇ ಏನು?

ದ್ವೇಷದ ಮಾತು ಗಾಳಿಯಲ್ಲಿ ಕರಗಿಹೋಗುವಂಥದಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೇ ಮೊಬೈಲು ಹಾಗೂ ಅಂತರ್ಜಾಲದಲ್ಲಿ ಹರಿದಾಡಿದ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ದುಡಿಯಲು, ಓದಲು ಬಂದವರು ಗಂಟುಮೂಟೆ ಕಟ್ಟಿದ ಆ ದಿನಗಳನ್ನು ನೆನೆದರೆ, ಜಾಲದಲ್ಲಿ ಯಾರು ಏನನ್ನಾದರೂ ಬರೆಯಬಹುದೆಂಬ ವಾದವನ್ನು ಒಪ್ಪಲಾಗದು. ಹಿಂಸೆಗೆ ಕರೆ ಕೊಡುವವರನ್ನು ಕಾನೂನು ತಡೆಯಲೇಬೇಕು.

ಆದರೆ ಆ ಕಾನೂನಿನ ಹಿಡಿ ಯಾರ ಕೈಯಲ್ಲಿರಬೇಕು? ಅದೇ ವರ್ಷದ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರ ಬಂಧನವಾಯಿತು. ಬಾಳ ಠಾಕ್ರೆಯವರ ನಿಧನದ ಮರುದಿನದ ಬಂದ್‌ ಅನ್ನು ಒಬ್ಬಾಕೆ ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದ್ದರು. ಇನ್ನೊಬ್ಬಾಕೆ ಅದಕ್ಕೆ ಮೆಚ್ಚುಗೆ ಒತ್ತಿದ್ದರು. ಪೊಲೀಸರು ಬಳಸಿದ ಅಸ್ತ್ರಗಳಲ್ಲೊಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ‘ಕಿರಿಕಿರಿ’, ‘ಅನನುಕೂಲ’ ಎಂಬ ಅಳತೆಯಿಲ್ಲದ ಪದಗಳಿಂದ ಹೆಣೆದಿದ್ದ ಈ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗಲೇ ನಿರ್ಬಂಧ ಸಲ್ಲುತ್ತದೆಂದು ಅದು ಗೆರೆ ಎಳೆಯಿತು.

ಆಳುವವರು ಆ ಗೆರೆಯನ್ನು ಪಾಲಿಸಿದರೇ? 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ವಿರೋಧಿಸಿ ಕೇಂದ್ರ ಸಚಿವರಿಗೆ ರಾಶಿ ರಾಶಿ ಮಿಂಚಂಚೆಗಳು ಹೋದವು. ಆಗ ದೆಹಲಿ ಪೊಲೀಸರು ಯುವಜನರ ಜಾಲತಾಣವೊಂದನ್ನು ಮುಚ್ಚಿಸಲು ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯನ್ನೇ ಹೆಸರಿಸಿ ನೋಟಿಸು ಕಳಿಸಿದರು. ಬಳಿಕ ತಪ್ಪಾಯಿತೆಂದು ಹಿಂಪಡೆದರು. 2021ರ ಫೆಬ್ರುವರಿಯಲ್ಲಿ ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿ ರೈತ ಹೋರಾಟದ ‘ಟೂಲ್‌ಕಿಟ್’ ಕಾರಣಕ್ಕೆ ಬಂಧಿತರಾದರು. ಅವರ ಮೇಲೆ ಹೊರಿಸಿದ್ದು ರಾಜದ್ರೋಹವಷ್ಟೇ ಅಲ್ಲ, ಗುಂಪುಗಳ ನಡುವೆ ದ್ವೇಷ ಹರಡಿದ ಆರೋಪವನ್ನು ಕೂಡ! ಸಾಕ್ಷ್ಯ ತೀರಾ ತೆಳುವಾಗಿದೆಯೆಂದು ದೆಹಲಿಯ ನ್ಯಾಯಾಲಯ ಜಾಮೀನು ಕೊಡುವ ಹೊತ್ತಿಗೆ ಹತ್ತು ದಿನಗಳು ಕಳೆದಿದ್ದವು.

ದ್ವೇಷ ತಡೆಯುವ ಕಾನೂನು ಕಾಡು, ನದಿ, ಹೊಲಗಳ ಪರ ದನಿ ಎತ್ತಿದವರ ಕೊರಳಿಗೇ ಬೀಳುವುದಾದರೆ ಅದರಿಂದ ದುರ್ಬಲರಿಗೆ ಸಿಗುವ ರಕ್ಷಣೆಯಾದರೂ ಯಾವುದು? ಆದ್ದರಿಂದ ದ್ವೇಷದ ಮಾತಿನ ವ್ಯಾಖ್ಯೆ ಹಿಂಸೆಯ ಪ್ರಚೋದನೆಗಷ್ಟೇ ಸೀಮಿತವಾಗಬೇಕು. ಬರಹ ತೆಗೆಸುವ ಆದೇಶ ನ್ಯಾಯಾಲಯದಿಂದ ಬರಬೇಕು. ಅದರ ಕಾರಣಗಳು ಬರೆದವರಿಗೆ ತಿಳಿಯಬೇಕು. 2009ರ ನಿಯಮಗಳು ಇಂಥ ಆದೇಶಗಳಿಗೆ ಹೊದಿಸಿದ ಗೋಪ್ಯತೆಯ ಮುಸುಕು ಸರಿಯಬೇಕು. ಕಾಡಿಗೆ ಬೆಂಕಿ ಇಟ್ಟವನನ್ನು ಹಿಡಿಯುವುದು ನ್ಯಾಯ; ಬೆಂಕಿ ಬಿತ್ತೆಂದು ಕೂಗಿದವನನ್ನೇ ಕಟ್ಟಿಹಾಕುವ ಊರಿನಲ್ಲಿ ಕಾಡೂ ಉಳಿಯದು, ಊರೂ ಉಳಿಯದು.